ನಿಂತ ಗಂಜಿಯ ಅಳತೆ

"ಗುರುಗಳೇ, ಮಾತು ಬಿಟ್ಟವನ ಮನೆಗೆ ಮನುಷ್ಯ ಎಷ್ಟು ವರ್ಷ ಹೋಗಬೇಕು?" ಎಂದು ನಿಜಗುಣ ಕೇಳಿದ.

ಮಠದ ಪಡಸಾಲೆಯಲ್ಲಿ ಅವರಿಬ್ಬರೇ ಇದ್ದರು. ಗುರುಗಳು ದಾಸೋಹದ ಊಟಕ್ಕೆ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ಕೈ ನಿಲ್ಲಿಸದೆ, "ಯಾರ ಮನೆಗೆ?" ಎಂದರು.

"ನನ್ನ ಅಣ್ಣನ ಮನೆಗೆ. ತಾಯಿ ತೀರಿಕೊಂಡಾಗ ನಾನು ಇಲ್ಲಿ ಪಾಠಕ್ಕೆ ಕೂತಿದ್ದೆ. ಕಾಯಿಲೆ ಜೋರಾಗಿದೆ, ಬೇಗ ಬಾ ಎಂದು ಅಣ್ಣ ಹೇಳಿ ಕಳಿಸಿದ್ದ. ಪಾಠ ಮುಗಿಸಿ ಹೊರಟೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅವನು ನನ್ನೊಂದಿಗೆ ಮಾತಾಡಿಲ್ಲ. ಪ್ರತಿ ದೀಪಾವಳಿಗೂ ಹೋಗಿ ಬರುತ್ತೇನೆ. ನಾಳೆ ಮತ್ತೆ ಹೊರಡಬೇಕು. ಈ ಸಲ ಬೇಡ, ಇನ್ನು ಮುಂದೆಯೂ ಬೇಡ ಎನ್ನಿಸಿದೆ. ಅವನಲ್ಲಿ ನನ್ನ ಪಾಲಿಗೆ ಏನೂ ಉಳಿದಿಲ್ಲ."

"ಏನೂ ಉಳಿದಿಲ್ಲವೆಂದು ಹೇಗೆ ಅಳೆದೆ?"

"ಹೋಗುತ್ತೇನೆ. ಎದುರಿಗೆ ಕೂರುತ್ತೇನೆ. ಮಳೆ ಬೆಳೆ ವಿಚಾರಿಸುತ್ತೇನೆ. ಅವನ ಮುಖ ನೋಡುತ್ತೇನೆ. ಅದು ಅಲುಗುವುದಿಲ್ಲ. ಎದ್ದು ಬರುತ್ತೇನೆ."

"ಭಲೇ," ಎಂದರು ಗುರುಗಳು. "ಅಳೆಯುವುದನ್ನು ಚೆನ್ನಾಗಿ ಕಲಿತಿದ್ದೀಯೆ. ಹಾಗಾದರೆ ನಿನಗೊಬ್ಬ ಅಳತೆಗಾರನ ಕತೆ ಹೇಳುತ್ತೇನೆ. ಅಲ್ಲಿಂದ ಒಂದು ಹಿಡಿ ಎಲೆ ತಗೊಂಡು ಹಚ್ಚುತ್ತ ಕೂರು. ಕೈ ಸುಮ್ಮನಿದ್ದರೆ ನಿನಗೆ ನಿದ್ದೆ ಬರುತ್ತದೆ."

ನಿಜಗುಣ ಎಲೆ ತೆಗೆದುಕೊಂಡ. ಗುರುಗಳು ಹೇಳತೊಡಗಿದರು.

ಹೊಳೆಯ ಆಚೆ ದಡದಲ್ಲಿ ಒಂದು ಪಿಂಗಾಣಿ ಕಾರ್ಖಾನೆ ಇತ್ತು. ಅಲ್ಲಿ ಕೈತೊಳೆಯುವ ಬೇಸಿನ್ನು, ಉಪ್ಪಿನಕಾಯಿಯ ಭರಣಿ ಇಂಥವನ್ನೆಲ್ಲ ಮಾಡುತ್ತಿದ್ದರು. ಆ ಕಾರ್ಖಾನೆಯಲ್ಲಿ ಒಬ್ಬ ಕಲಸುಗಾರನೂ ಒಬ್ಬ ಅಳತೆಗಾರನೂ ಇದ್ದರು.

ಬಿಳಿ ಮಣ್ಣು, ಕಲ್ಲಿನ ಹುಡಿ, ನೀರು ಇವನ್ನು ದೊಡ್ಡ ತೊಟ್ಟಿಗೆ ಹಾಕಿ ಕಲಸುವುದು ಕಲಸುಗಾರನ ಕೆಲಸ. ಅದನ್ನು ಅಲ್ಲಿಯವರು ಗಂಜಿ ಎನ್ನುತ್ತಿದ್ದರು. ಗಂಜಿಯನ್ನು ಅಚ್ಚಿಗೆ ಹೊಯ್ದು, ಒಣಗಿಸಿ, ಭಟ್ಟಿಯಲ್ಲಿ ಸುಟ್ಟರೆ ಪಾತ್ರೆ ಆಗುತ್ತದೆ. ಗಂಜಿ ಗಟ್ಟಿಯಾದರೆ ಅಚ್ಚಿನ ಮೂಲೆಗೆ ಹರಿಯುವುದಿಲ್ಲ. ತೆಳುವಾದರೆ ಒಣಗುವಾಗ ಪಾತ್ರೆ ಬಿರುಕು ಬಿಡುತ್ತದೆ. ಹದ ಮುಖ್ಯ.

ಆ ಹದವನ್ನು ನೋಡುವುದು ಅಳತೆಗಾರನ ಕೆಲಸ. ಅವನ ಹತ್ತಿರ ಒಂದು ಗಾಜಿನ ಹಲಗೆ ಇತ್ತು. ಒಂದು ಹಿತ್ತಾಳೆಯ ಬಳೆ ಇತ್ತು. ಗಾಜಿನ ಕೆಳಗೆ ಒಂದರೊಳಗೊಂದು ದುಂಡು ಗೆರೆಗಳನ್ನು ಬರೆದ ಕಾಗದ. ಅವುಗಳಲ್ಲಿ ಎರಡು ಗೆರೆ ಕೆಂಪು. ಅಳತೆಗಾರ ಬಳೆಯನ್ನು ಗಾಜಿನ ನಡುವೆ ಇಟ್ಟು, ಅದರ ತುಂಬ ಗಂಜಿ ಹೊಯ್ದು, ಮೇಲೆ ಸವರಿ, ಬಳೆಯನ್ನು ನೆಟ್ಟಗೆ ಎತ್ತುತ್ತಿದ್ದ. ಗಂಜಿ ದುಂಡಗೆ ಹರಡುತ್ತಿತ್ತು. ಎಲ್ಲಿಯವರೆಗೆ ಹರಡಿ ನಿಂತಿತೋ ಅದು ಅದರ ಅಳತೆ. ಎರಡು ಕೆಂಪು ಗೆರೆಗಳ ನಡುವೆ ನಿಂತರೆ, "ಆಯ್ತು" ಎನ್ನುತ್ತಿದ್ದ. ಒಳಗಿನ ಗೆರೆಯನ್ನು ಮುಟ್ಟದಿದ್ದರೆ, "ಇಲ್ಲ" ಎನ್ನುತ್ತಿದ್ದ. ಇಲ್ಲ ಎನ್ನಿಸಿಕೊಂಡ ಕಲಸುಗಾರ ಗಂಜಿಯನ್ನು ಸರಿಮಾಡಿ, ಮತ್ತೆ ಅಳತೆಗೆ ಕೊಟ್ಟು, ಆಯ್ತು ಎನ್ನಿಸಿಕೊಂಡೇ ಮನೆಗೆ ಹೋಗಬೇಕು. ಅದು ಕಾರ್ಖಾನೆಯ ಕಟ್ಟಳೆ.

ಗಂಜಿಗೆ ಒಂದು ಸ್ವಭಾವ ಇದೆ, ನಿಜಗುಣ. ಕಲಕುತ್ತಿದ್ದರೆ ಹರಿಯುತ್ತದೆ. ಸುಮ್ಮನೆ ಬಿಟ್ಟರೆ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ. ನೀರು ಕಡಿಮೆಯಾಗಿರುವುದಿಲ್ಲ, ಮಣ್ಣು ಹೆಚ್ಚಾಗಿರುವುದಿಲ್ಲ, ಏನೂ ಕೆಟ್ಟಿರುವುದಿಲ್ಲ. ನಿಂತಿರುತ್ತದೆ, ಅಷ್ಟೇ. ಅದಕ್ಕೇ ಅಳೆಯುವ ಮೊದಲು ತಳದವರೆಗೆ ಕಲಕಬೇಕು. ಇದು ಆ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಅಳತೆಗಾರನಿಗಂತೂ ನೀರು ಕುಡಿದಷ್ಟು ಸಲೀಸಾಗಿ ಗೊತ್ತಿತ್ತು.

ಕಲಸುಗಾರನೂ ಅಳತೆಗಾರನೂ ಗೆಳೆಯರು. ಕಾರ್ಖಾನೆಯವರು ಕೊಟ್ಟ ಸಾಲುಮನೆಗಳಲ್ಲಿ ಇಬ್ಬರದೂ ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಅಳತೆಗಾರ ಮದುವೆಯಾಗಿರಲಿಲ್ಲ. ಕಲಸುಗಾರನಿಗೆ ಹೊನ್ನವ್ವ ಎಂಬ ಹೆಂಡತಿ, ಒಬ್ಬಳು ಪುಟ್ಟ ಮಗಳು. ರಜೆಯ ದಿನ ಅಳತೆಗಾರನ ಊಟ ಆ ಮನೆಯಲ್ಲೇ. ಹೊನ್ನವ್ವ ಅವನ ತಟ್ಟೆಗೆ ಅಂಬಲಿ ಬಡಿಸಿ, "ಎಷ್ಟು ಹರಡ್ತು ನೋಡಣ್ಣ. ಆಯ್ತೋ, ಇಲ್ಲೋ?" ಎಂದು ಕೀಟಲೆ ಮಾಡುತ್ತಿದ್ದಳು. ಅವನು ತಟ್ಟೆಯ ಕಡೆ ಬಗ್ಗಿ, ದೊಡ್ಡ ಗಾಂಭೀರ್ಯದಿಂದ ನೋಡಿ, "ಆಯ್ತು ತಂಗಿ" ಎನ್ನುತ್ತಿದ್ದ. ಮಗು ನಗುತ್ತಿತ್ತು. ಅಷ್ಟೇ ಅವರ ಸಂತೋಷ. ಅದಕ್ಕಿಂತ ಹೆಚ್ಚು ಯಾರಿಗೆ ಬೇಕು ಹೇಳು.

ಒಂದು ದಿನ ಕಲಸುಗಾರ ಗಂಜಿಯ ಸೌಟು ಹಿಡಿದು ಬಂದವನು ಅದನ್ನು ಕೊಡದೆ ನಿಂತ.

"ಮನೇಲಿ ಆಕೆಗೆ ಹುಷಾರಿಲ್ಲ. ಬೆಳಗ್ಗಿಂದ ಜ್ವರ ಇಳಿದಿಲ್ಲ. ಮಗು ಒಂದೇ ಐತೆ. ನಾ ಹೋಗ್ಬೇಕು," ಎಂದ.

ಅಳತೆಗಾರ ಸೌಟು ತೆಗೆದುಕೊಂಡು ಕಲಕಿದ, ಹೊಯ್ದ, ಬಳೆ ಎತ್ತಿದ. ಗಂಜಿ ಹರಡಿ, ಒಳಗಿನ ಕೆಂಪು ಗೆರೆಗೆ ಉಗುರಿನ ಅಂಚಿನಷ್ಟು ದೂರದಲ್ಲಿ ನಿಂತಿತು.

"ಗೆರೆ ಮುಟ್ಟಿಲ್ಲ," ಎಂದ.

"ನೀ ಮುಟ್ಟೈತೆ ಅಂದ್ರೆ ಮುಟ್ಟೈತೆ ಮಾರಾಯ."

"ನಾ ಅಂದ್ರೆ ಮುಟ್ಟಲ್ಲ. ಅದು ಮುಟ್ಟಬೇಕು. ಇಲ್ಲ."

ಕಲಸುಗಾರ ತೊಟ್ಟಿಯ ಹತ್ತಿರ ಹೋಗಿ ಕಲಸಲು ನಿಂತ. ಅಳತೆಗಾರನ ಪಾಳಿ ಮುಗಿದಿತ್ತು. ಮುಂದಿನ ಪಾಳಿಯವನಿಗೆ ಬಳೆಯನ್ನೂ ಗಾಜನ್ನೂ ಒಪ್ಪಿಸಿ ಮನೆಗೆ ನಡೆದ. ಗೆಳೆಯನ ಮನೆಯ ಮುಂದೆ ಬಂದಾಗ ಬಾಗಿಲು ಓರೆಯಾಗಿತ್ತು. ಒಳಗೆ ಹೋಗಿ ನೋಡಲೇ ಎಂದುಕೊಂಡ. ಇಲ್ಲ ಎಂದು ಬಂದವನು ಯಾವ ಮುಖ ಹೊತ್ತು ಹೋಗುವುದು ಎಂದು ನಾಚಿ, ತನ್ನ ಮನೆಗೆ ಹೋಗಿ ಒಲೆ ಹಚ್ಚಿದ.

ಕಲಸುಗಾರ ಗಂಜಿ ಸರಿಮಾಡಿ, ಅಳತೆ ಮಾಡಿಸಿ, ಮನೆಗೆ ಬರುವಷ್ಟರಲ್ಲಿ ಹೊನ್ನವ್ವ ತೀರಿಹೋಗಿದ್ದಳು. ಮಗು ಅವಳ ಪಕ್ಕದಲ್ಲಿ ಕೂತು ಎಬ್ಬಿಸುತ್ತಿತ್ತು.

ನಿಜಗುಣನ ಕೈ ನಿಂತಿತು. "ಹಾಗಾದರೆ ಅವನ ಅಳತೆ ತಪ್ಪಾಗಿತ್ತೇ?" ಎಂದ.

"ಅಳತೆ ಸರಿಯಾಗಿತ್ತು. ಅದೇ ಅವನ ಕಷ್ಟ. ತಪ್ಪಾಗಿದ್ದರೆ ಅತ್ತು ಕರೆದು, ಕಾಲು ಹಿಡಿದು, ಕ್ಷಮಿಸು ಎನ್ನಬಹುದಿತ್ತು. ಸರಿಯಾದದ್ದಕ್ಕೆ ಏನೆಂದು ಕ್ಷಮೆ ಕೇಳುತ್ತಾನೆ? ಅವನಿಗೆ ಹೊಳೆಯದೇ ಹೋದದ್ದು ಬೇರೆಯೇ ಒಂದು ಮಾತು. 'ನೀ ಮನೆಗೆ ಹೋಗು, ನಿನ್ನ ಬದಲು ನಾ ಕಲಸ್ತೀನಿ' ಎನ್ನಬಹುದಿತ್ತು. ಬದಲಿಗೆ ಒಬ್ಬರು ನಿಂತರೆ ಕಲಸುಗಾರ ಹೋಗಲು ಕಟ್ಟಳೆಯೂ ಅಡ್ಡ ಬರುತ್ತಿರಲಿಲ್ಲ. ಆ ಮಾತು ಅವನಿಗೆ ಮಾರನೆಯ ದಿನ ಹೊಳೆಯಿತು. ನಮಗೆಲ್ಲ ಬುದ್ಧಿ ಬರುವುದು ಆಮೇಲೆಯೇ. ಎಲೆ ಹಚ್ಚು."

ಗುರುಗಳು ಕತೆ ಮುಂದುವರಿಸಿದರು.

ಅಳತೆಗಾರ ಹೊನ್ನವ್ವನನ್ನು ಮಣ್ಣು ಮಾಡುವಲ್ಲಿಗೆ ಹೋದ. ಎಲ್ಲರ ಹಿಂದೆ ನಿಂತ. ಜನ ಅವನ ಭುಜ ತಟ್ಟಿ, "ನಿನ್ನ ಕೆಲಸ ನೀ ಮಾಡಿದೆ, ನಿಂದೇನು ತಪ್ಪು" ಎಂದರು. ಆ ಸಮಾಧಾನ ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಕಲಸುಗಾರ ಅವನ ಕಡೆ ನೋಡಲಿಲ್ಲ. ಮಗುವನ್ನು ಹೊನ್ನವ್ವನ ತವರಿನವರು ಕರೆದುಕೊಂಡು ಹೋದರು. ಗೋಡೆಯ ಎರಡೂ ಕಡೆ ಒಬ್ಬೊಬ್ಬರೇ ಉಳಿದರು.

ಆಮೇಲೆ ಇಬ್ಬರೂ ದಿನವೂ ಎದುರಾದರು. ಕಾರ್ಖಾನೆಯಲ್ಲಿ ಎದುರಾಗದೆ ಇರುವಂತಿರಲಿಲ್ಲ. ಕಲಸುಗಾರ ಸೌಟು ಚಾಚುತ್ತಿದ್ದ. ಅಳತೆಗಾರ ಅಳೆಯುತ್ತಿದ್ದ. "ಆಯ್ತು," ಎನ್ನುತ್ತಿದ್ದ. ಕಲಸುಗಾರ ತಿರುಗಿ ಹೋಗುತ್ತಿದ್ದ. ಅಂದಿನಿಂದ ಅವನ ಗಂಜಿ ಒಂದು ದಿನವೂ ಗೆರೆ ತಪ್ಪಲಿಲ್ಲ. ಅಷ್ಟು ಎಚ್ಚರದಿಂದ ಕಲಸುತ್ತಿದ್ದ. ಇಲ್ಲ ಎನ್ನುವ ಸಂದರ್ಭವನ್ನೇ ಅವನು ಕೊಡಲಿಲ್ಲ.

ಅಳತೆಗಾರನಿಗೆ ಒಂದು ವಿಚಿತ್ರ ಆಸೆ ಹುಟ್ಟಿತು. ಒಂದು ದಿನವಾದರೂ ಗಂಜಿ ಕೆಡಲಿ, ನೀರು ಹೆಚ್ಚೋ ಮಣ್ಣು ಹೆಚ್ಚೋ ಎಂದು ಇಬ್ಬರೂ ನಿಂತು ನಾಲ್ಕು ಮಾತಾಡುವಂತಾಗಲಿ ಎಂದು ಬಯಸುತ್ತಿದ್ದ. ಬಳೆ ಎತ್ತುವಾಗ ಬಗ್ಗಿ ಗೆರೆಯನ್ನೇ ನೋಡುತ್ತಿದ್ದ. ಗಂಜಿ ಸರಿಯಾಗಿ ಎರಡು ಕೆಂಪು ಗೆರೆಗಳ ನಡುವೆ ಬಂದು ನಿಲ್ಲುತ್ತಿತ್ತು. ಅಷ್ಟು ಒಳ್ಳೆಯ ಗಂಜಿಯನ್ನು ಕಂಡು ಅಷ್ಟು ದುಃಖಪಟ್ಟ ಅಳತೆಗಾರ ಇನ್ನೊಬ್ಬನಿರಲಿಕ್ಕಿಲ್ಲ.

ಸಂಜೆ ಮನೆಗೆ ಬಂದರೆ ಗೋಡೆಯಾಚೆ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು. ಕೆಮ್ಮು ಕೇಳುತ್ತಿತ್ತು. ಅವನು ಒಬ್ಬನೇ ಉಂಡು, ತಟ್ಟೆ ತೊಳೆದಿಟ್ಟು, ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಆಚೆ ಕೆಮ್ಮು ನಿಂತರೆ ಅವನಿಗೆ ಭಯವಾಗುತ್ತಿತ್ತು. ಮತ್ತೆ ಕೆಮ್ಮಿದರೆ ನೆಮ್ಮದಿಯಾಗುತ್ತಿತ್ತು.

ವರ್ಷಕ್ಕೊಂದು ದಿನ ಆಯುಧಪೂಜೆ ಬರುತ್ತಿತ್ತು. ಅಂದು ಕಾರ್ಖಾನೆಯ ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಮಾಲೆ ಹಾಕಿ ನಿಲ್ಲಿಸುತ್ತಿದ್ದರು. ತೊಟ್ಟಿಯ ಕಲಕುವ ಹುಟ್ಟಿಗೂ ಚೆಂಡು ಹೂವಿನ ಮಾಲೆ. ಅಳತೆಗಾರನ ಹಿತ್ತಾಳೆ ಬಳೆಯನ್ನೂ ಪೂಜೆಗೆ ಇಡುತ್ತಿದ್ದರು. ಹಬ್ಬ ಮುಗಿದು ಮಾಲೆ ಬಿಚ್ಚುವವರೆಗೆ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ.

ಪೂಜೆಯಾದ ಮೇಲೆ ಅಳತೆಗಾರ ಮಂಡಕ್ಕಿ ಬೂಂದಿಯ ಪೊಟ್ಟಣ ಹಿಡಿದು ಗೆಳೆಯನ ಬಾಗಿಲು ಬಡಿಯುತ್ತಿದ್ದ. ಅದು ವರ್ಷ ವರ್ಷವೂ ನಡೆದುಕೊಂಡು ಬಂತು. ಕಲಸುಗಾರ ಬಾಗಿಲು ತೆಗೆದು, ಪೊಟ್ಟಣ ತೆಗೆದುಕೊಂಡು, ಹೊಸ್ತಿಲ ಒಳಗೆ ನಿಲ್ಲುತ್ತಿದ್ದ. ದಸರೆ ರಜೆಗೆ ಬಂದ ಮಗಳು ಅವನ ಹಿಂದಿನಿಂದ ಇಣುಕುತ್ತಿದ್ದಳು.

"ಈ ಸಲ ಹಬ್ಬ ಜೋರಾಯ್ತು," ಎನ್ನುತ್ತಿದ್ದ ಅಳತೆಗಾರ.

"ಹೂಂ."

ಅಳತೆಗಾರ ಅವನ ಮುಖ ನೋಡುತ್ತ ನಿಲ್ಲುತ್ತಿದ್ದ. ಒಂದು ಎಳೆ ನಗೆಯಾದರೂ ಸುಳಿಯಿತೇ, ಕಣ್ಣು ಮೆತ್ತಗಾಯಿತೇ ಎಂದು ಹುಡುಕುತ್ತಿದ್ದ. ಏನೂ ಇರುತ್ತಿರಲಿಲ್ಲ. ಗಟ್ಟಿಯಾಗಿಬಿಟ್ಟಿದ್ದಾನೆ ಎಂದುಕೊಂಡು ತನ್ನ ಮನೆಗೆ ಬರುತ್ತಿದ್ದ. ನಾನಂತೂ ಹೋಗಿದ್ದೆ, ಅವನೇ ಕರಗಲಿಲ್ಲ ಎಂದು ಸ್ವಲ್ಪ ಹಗುರವೂ ಆಗುತ್ತಿತ್ತು. ಹಗುರವಾದದ್ದು ಎಷ್ಟು ಹೊತ್ತು? ಗೋಡೆಗೆ ಬೆನ್ನು ಕೊಡುವವರೆಗೆ.

ಇಬ್ಬರಿಗೂ ತಲೆ ನರೆಯಿತು. ಅಳತೆಗಾರನ ಕೆಲಸ ಕಲಿಯಲು ಒಬ್ಬ ಹುಡುಗಿ ಬಂದಳು. ಓದಿದವಳು, ಚುರುಕಾದವಳು. ಹಬ್ಬ ಕಳೆದ ಮರುದಿನ ಎಲ್ಲರಿಗಿಂತ ಮೊದಲೇ ಬಂದು, ತೊಟ್ಟಿಯಿಂದ ಸೌಟಿನಲ್ಲಿ ಗಂಜಿ ತೆಗೆದು ಗಾಜಿನ ಮೇಲೆ ಇಟ್ಟು ನೋಡಿದಳು.

"ಸರ್, ಈ ತೊಟ್ಟಿಗೆ 'ಇಲ್ಲ' ಅನ್ನಬೇಕು. ಬಳೆ ಎತ್ತಿದರೂ ಗಂಜಿ ಕೂತ ಜಾಗ ಬಿಟ್ಟು ಅಲುಗುತ್ತಿಲ್ಲ," ಎಂದಳು.

ಅಳತೆಗಾರ ಬಂದು ನೋಡಿದ. "ಕಲಕಿದ್ಯಾ?"

"ಇನ್ನೂ ಇಲ್ಲ."

"ಹಂಗಾದ್ರೆ ಇಲ್ಲ ಅನ್ನಬ್ಯಾಡಮ್ಮ. ಹಬ್ಬ ಅಂತ ಯಾರೂ ಮುಟ್ಟಿಲ್ಲ, ನಿಂತೈತೆ. ನಿಂತಿದ್ದು ಗಟ್ಟಿಯಾಗದೆ ಇನ್ನೇನಾಗ್ತೈತೆ? ಮೊದಲು ಕಲಕು, ಆಮೇಲೆ ಅಳೆ."

"ಸೌಟಿನಲ್ಲಿ ಮೇಲೆ ಮೇಲೆ ಕಲಕಿದರೆ ಸಾಕಾ?"

"ಸಾಲಲ್ಲ. ಮೇಲೆ ಕಲಕಿದ್ರೆ ಮೇಲಿಂದಷ್ಟೇ ಹರೀತೈತೆ. ತಳದಾಗ ಏನು ಕೂತೈತೋ ಅದನ್ನ ಎಬ್ಬಿಸಬೇಕು. ಅಷ್ಟು ಮಾಡಿದ ಮೇಲೂ ಹರಡಲಿಲ್ಲ ಅಂದ್ರೆ ಆಗ ಅನ್ನು ಗಟ್ಟಿ ಅಂತ."

ಹುಡುಗಿ ತಲೆಯಾಡಿಸಿ ಉದ್ದ ಹುಟ್ಟು ತರಲು ಹೋದಳು. ಅಳತೆಗಾರ ತಿರುಗಿ ನೋಡಿದ. ಮಾಲೆ ಬಿಚ್ಚಲು ಬಂದಿದ್ದ ಕಲಸುಗಾರ ತೊಟ್ಟಿಯ ಹತ್ತಿರ ನಿಂತಿದ್ದ. ಬಾಡಿದ ಚೆಂಡು ಹೂವು ಅವನ ಕೈಯಲ್ಲಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಅಳತೆಗಾರನ ಮುಖವನ್ನು ನೇರವಾಗಿ ನೋಡಿದ. ಹೊನ್ನವ್ವ ಹೋದಂದಿನಿಂದ ಹಾಗೆ ನೋಡಿರಲಿಲ್ಲ. ನೋಡಿದವನು ಕಣ್ಣು ತೆಗೆಯಲೇ ಇಲ್ಲ.

ತಾನು ಆಡಿದ ಮಾತು ಅಳತೆಗಾರನಿಗೆ ಈಗ ಕೇಳಿಸಿತು. ಇಷ್ಟು ವರ್ಷ ಆ ಬಾಗಿಲಲ್ಲಿ ನಿಂತು ತಾನು ಮಾಡಿದ್ದೇನು ಎಂಬುದು ಒಮ್ಮೆಲೇ ತಿಳಿಯಿತು. ಹಬ್ಬದ ಸುದ್ದಿ ಬಿಟ್ಟರೆ ಬೇರೆ ಮಾತು ಎತ್ತಿರಲಿಲ್ಲ. ಹೊನ್ನವ್ವನ ಹೆಸರನ್ನು ಒಂದು ಸಲವೂ ಬಾಯಿಗೆ ತಂದಿರಲಿಲ್ಲ.

ಅಂದು ಸಂಜೆ ಅವನು ಮತ್ತೆ ಆ ಬಾಗಿಲಿಗೆ ಹೋದ. ಹಬ್ಬ ಕಳೆದಿತ್ತು, ಕೈಯಲ್ಲಿ ಪೊಟ್ಟಣ ಇರಲಿಲ್ಲ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಕಲಸುಗಾರ ಬಾಗಿಲು ತೆಗೆದು ಚೌಕಟ್ಟು ಹಿಡಿದು ನಿಂತ.

"ಗಂಜಿ... ಇವತ್ತು ಚೆನ್ನಾಗಿ ಬಂತು," ಎಂದ ಅಳತೆಗಾರ.

"ಹೂಂ."

ಅಷ್ಟಕ್ಕೇ ನಿಲ್ಲಿಸುತ್ತಿದ್ದ ಕಲಸುಗಾರ ಅಂದು ನಿಲ್ಲಿಸಲಿಲ್ಲ. "ಇನ್ನೇನಾದ್ರೂ ಹೇಳೋದೈತಾ?" ಎಂದು ಕೇಳಿದ. ಕೇಳಿ ಕಾದ.

ಇಷ್ಟು ವರ್ಷ ಎತ್ತದ ಹೆಸರನ್ನು ಈಗ ಎತ್ತಿದರೆ ಈ ಮನುಷ್ಯನಿಗೆ ಏನಾದೀತೋ, ತನಗೆ ಏನಾದೀತೋ ಎಂದು ಅಳತೆಗಾರ ಹೆದರಿದ. "ಇಲ್ಲ," ಎಂದ. ಆ ಶಬ್ದ ಅವನ ನಾಲಿಗೆಗೆ ಚೆನ್ನಾಗಿ ಪಳಗಿತ್ತು. "ಇಲ್ಲ. ಅಷ್ಟೇ."

ಕಲಸುಗಾರ ಬಾಗಿಲು ಹಾಕಿಕೊಂಡ. ನಾಳೆ ಹೇಳಿದರಾಯಿತು ಎಂದುಕೊಂಡು ಅಳತೆಗಾರ ಮನೆಗೆ ಬಂದ. ನಾಳೆಯೂ ನಾಳೆ ಎಂದುಕೊಂಡ. ಹೀಗಿರುವಾಗಲೇ ಕಲಸುಗಾರನ ಕೆಲಸದ ಅವಧಿ ಮುಗಿಯಿತು. ಮಗಳು ಬೇರೆ ಊರಿನಲ್ಲಿ ಮದುವೆಯಾಗಿದ್ದಳು. ಅವಳೇ ಬಂದು ಅಪ್ಪನ ಪಾತ್ರೆ ಪಡಗ ಗಾಡಿಗೆ ಹಾಕಿಸಿ ಕರೆದುಕೊಂಡು ಹೋದಳು. ಗಾಡಿಯ ಹಿಂದೆ ನಾಲ್ಕು ಹೆಜ್ಜೆ ನಡೆದ ಅಳತೆಗಾರ, "ಹುಷಾರು," ಎಂದ. ಹೂಂ ಎಂದದ್ದು ಕೇಳಿಸಿತೋ ಇಲ್ಲವೋ, ಗಾಡಿ ಸದ್ದು ಮಾಡುತ್ತಿತ್ತು.

ಗೋಡೆಯಾಚೆ ಈಗ ಕೆಮ್ಮು ಇರಲಿಲ್ಲ. ಅಳತೆಗಾರ ಹಳೆಯ ರೂಢಿಯಂತೆ ಬೆನ್ನು ಕೊಟ್ಟು ಕೂರುತ್ತಿದ್ದ. ಇದ್ದವನು ಮಾತಾಡದೆ ಇರುವುದೂ ಒಂದು ಜೊತೆ ಎಂಬುದು ಅವನಿಗೆ ಆಗ ಗೊತ್ತಾಯಿತು. ಸೌಟು ಚಾಚುವ ಕೈ ಬೇರೆಯವನದಾಯಿತು. ಆ ಹೊಸಬನ ಗಂಜಿ ಆಗಾಗ ಕೆಡುತ್ತಿತ್ತು, ಮಾತಾಡಲು ಬೇಕಾದಷ್ಟು ಇರುತ್ತಿತ್ತು. ಅಳತೆಗಾರನಿಗೆ ಆ ಮಾತು ಬೇಕಿರಲಿಲ್ಲ.

ಮತ್ತೆ ಆಯುಧಪೂಜೆ ಬಂತು. ಈ ಸಲ ಅವನು ಗಟ್ಟಿ ಮನಸ್ಸು ಮಾಡಿದ. ಮಂಡಕ್ಕಿ ಬೂಂದಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡ. 'ಹೊನ್ನವ್ವ ಹೋದ ದಿನ ನಾನು ನಿನ್ನ ಕೈಯಿಂದ ಹುಟ್ಟು ಕಸಿದುಕೊಂಡು ನಿನ್ನನ್ನ ಮನೆಗೆ ಓಡಿಸಬೇಕಿತ್ತು. ಓಡಿಸಲಿಲ್ಲ. ಅವಳ ಬಾಗಿಲ ಮುಂದೆ ಬಂದೂ ಒಳಗೆ ಹೋಗಲಿಲ್ಲ.' ಇಷ್ಟೇ ಮಾತು. ಪಕ್ಕದಲ್ಲಿ ಕೂತವರು ಮುದುಕನಿಗೆ ಏನೋ ಆಗಿದೆ ಎಂದು ಸರಿದು ಕೂತರು. ಅವನು ಮತ್ತೆ ಮೊದಲಿನಿಂದ ಹೇಳಿಕೊಂಡ. ಮರೆತುಹೋಗಬಾರದಲ್ಲ.

ಮಗಳ ಮನೆ ಹುಡುಕಿ ಬಾಗಿಲು ಬಡಿದ. ಮಗಳು ತೆಗೆದಳು. ಅವಳ ಮುಖದಲ್ಲಿ ಹೊನ್ನವ್ವ ಇದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳ ಹಿಂದೆ ಗೋಡೆಯ ಮೇಲೆ ಕಲಸುಗಾರನ ಪಟವೂ ಅದಕ್ಕೊಂದು ಹೂವಿನ ಮಾಲೆಯೂ ಕಂಡವು.

"ಶ್ರಾವಣದಾಗೆ ಹೋದ್ರು, ದೊಡ್ಡಪ್ಪ. ನಿಮಗೆ ತಿಳಿಸ್ಬೇಕಂತ ಇದ್ದೆ. ಮಾತು ಬಿಟ್ಟೋರಿಗೆ ಹೆಂಗೆ ತಿಳಿಸೋದು ಅಂತ ಗೊತ್ತಾಗಲಿಲ್ಲ," ಎಂದಳು.

ಅಳತೆಗಾರ ಹೊಸ್ತಿಲ ಮೇಲೆ ಕೂತ. ಅವಳು ನೀರು ತಂದುಕೊಟ್ಟಳು. ಕುಡಿದಾದ ಮೇಲೆ, ತಪ್ಪಿಸಿಕೊಳ್ಳದೆ, ಬಸ್ಸಿನಲ್ಲಿ ಹೇಳಿಕೊಂಡು ಬಂದದ್ದಷ್ಟನ್ನೂ ಅವಳ ಮುಂದೆ ಹೇಳಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಹಬ್ಬದ ದಿನ ಅಪ್ಪ ನನ್ನ ಕೈಲಿ ಇನ್ನೊಂದು ಎಲೆ ಹಾಕಿಸ್ತಿದ್ರು. ಯಾರಿಗಪ್ಪಾ ಅಂತ ಸಣ್ಣಾಕಿ ಇದ್ದಾಗ ಕೇಳಿದ್ದೆ. 'ಗೋಡೆ ಆಚೆಯವನಿಗೆ. ಬಂದು ಬಾಗಿಲಲ್ಲಿ ನಿಲ್ತಾನೆ. ಒಂದ್ಸಲ ನಿಮ್ಮವ್ವನ ಹೆಸರು ಎತ್ತಲಿ, ಕೈ ಹಿಡಿದು ಒಳಗೆ ಕರ್ಕೊಂಡು ಬರ್ತೀನಿ. ಬರೀ ಹಬ್ಬ, ಹಬ್ಬ ಅಂತಾನೆ' ಅಂದಿದ್ರು. ನೀವು ಹೋದ ಮೇಲೆ ಆ ಎಲೆನ ಮಡಚಿ ಇಡ್ತಿದ್ರು. ಪ್ರತಿ ವರ್ಷನೂ ಹಾಕಿಸಿದ್ರು, ದೊಡ್ಡಪ್ಪ."

ಗುರುಗಳು ಹಚ್ಚಿದ ಎಲೆಯನ್ನು ಕೆಳಗಿಟ್ಟು ಹೇಳಿದರು. "ಮಣ್ಣು ಹಸಿಯಾಗಿರುವವರೆಗೆ, ಒಣಗಿ ಹೆಂಟೆಯಾದರೂ ಸರಿಯೇ, ನೀರು ಹಾಕಿ ಮತ್ತೆ ಕಲಸಬಹುದು. ಭಟ್ಟಿಗೆ ಹೋಗಿ ಬಂದ ಮೇಲೆ ಆಗುವುದಿಲ್ಲ. ಇದು ಅಳತೆಗಾರನಿಗೆ ಕೆಲಸಕ್ಕೆ ಸೇರಿದ ದಿನವೇ ಗೊತ್ತಿತ್ತು. ಕಲಸುಗಾರನ ಮಗಳು ಅಂದು ಅವನಿಗೆ ಎಲೆ ಹಾಕಿದಳು. ಅವನು ಅದರ ಮುಂದೆ ಕೂತ. ಉಣ್ಣಲಾಗಲಿಲ್ಲ. ಸಂಜೆಯ ಬಸ್ಸಿಗೆ ಊರಿಗೆ ಬಂದ. ಮತ್ತೆ ಅದೇ ಗೋಡೆ."

ನಿಜಗುಣನಿಗೆ ಸಿಟ್ಟು ಬಂತು. "ಆ ಕಲಸುಗಾರನೂ ಬಾಯಿಬಿಟ್ಟು ಕರೆಯಬಹುದಿತ್ತು. ಎಲೆ ಹಾಕಿದವನಿಗೆ ಒಂದು ಮಾತು ಆಡಲು ಏನಾಗಿತ್ತು?" ಎಂದ.

"ಕರೆಯಬಹುದಿತ್ತು. ಆದರೆ ಹೆಪ್ಪುಗಟ್ಟಿದ ಗಂಜಿ ತಾನೇ ಹುಟ್ಟು ಹಾಕಿಕೊಂಡು ಕಲಕಿಕೊಂಡದ್ದನ್ನು ನಾನಂತೂ ಕಂಡಿಲ್ಲ. ನೀನು ಕಂಡಿದ್ದರೆ ಹೇಳು."

"ನನ್ನ ಅಣ್ಣನ ಮಾತು ಬೇರೆ, ಗುರುಗಳೇ. ಅವನು ಎಲೆ ಹಾಕಿ ಕಾಯುವವನಲ್ಲ. ನಾನು ಕೂತಷ್ಟು ಹೊತ್ತೂ ಗೋಡೆಯನ್ನೇ ನೋಡುತ್ತಾನೆ."

"ಗೋಡೆಯ ಮೇಲೆ ಏನಿದೆ?"

ನಿಜಗುಣ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟ. "ತಾಯಿಯ ಪಟ ಇದೆ," ಎಂದ.

ಗುರುಗಳು ಮತ್ತೊಂದು ಎಲೆಯನ್ನು ಕೈಗೆತ್ತಿಕೊಂಡರು.

"ಆ ಪಟದ ಕೆಳಗೆ ಕೂತು, ನಿನ್ನ ಅಣ್ಣನ ಮುಂದೆ ನೀನು ಒಂದು ಸಲವಾದರೂ 'ಅವ್ವ' ಅಂದಿದ್ದೀಯಾ?"